ಮೂಲೆ ಸೇರಿದ ಬೈಕನ್ನು ರಸ್ತೆಗೆ ಇಳಿಸುವುದು ಹೇಗೆ: ಹೊಸ ಸವಾರರಿಗೆ ಸಮಗ್ರ ಮಾರ್ಗದರ್ಶಿ

ವರ್ಷಗಟ್ಟಲೆ ನಿಂತಿದ್ದ ಬೈಕು ಕೈಗೆ ಬಂದ ಕೂಡಲೇ ಯಾರಿಗಾದರೂ ಮೊದಲು ತೋಚುವುದು, ಒಂದು ಕಿಕ್ ಹೊಡೆದು ನೋಡೋಣ ಅಂತ. ದಯವಿಟ್ಟು ಹೊಡೆಯಬೇಡಿ. ನಿಂತ ಎಂಜಿನ್‌ನಲ್ಲಿ ಎಣ್ಣೆಯೆಲ್ಲ ಕೆಳಗೆ ಇಳಿದುಹೋಗಿರುತ್ತದೆ. ಪಿಸ್ಟನ್ ರಿಂಗುಗಳು ತುಕ್ಕು ಹಿಡಿದು ಸಿಲಿಂಡರ್ ಗೋಡೆಗೆ ಅಂಟಿಕೊಂಡಿರಬಹುದು. ಒಂದು ಜೋರಾದ ಕಿಕ್‌ಗೆ ರಿಂಗ್ ಮುರಿಯಿತು ಅಂದರೆ, ಸುಲಭವಾಗಿ ಮುಗಿಯಬೇಕಿದ್ದ ಕೆಲಸಕ್ಕೆ ಎಂಜಿನ್ನನ್ನೇ ಬಿಚ್ಚಬೇಕಾಗುತ್ತದೆ.

ಇನ್ನೊಂದು ಆಸೆಯನ್ನೂ ತಡೆದುಕೊಳ್ಳಿ. ಗಾಡಿಯನ್ನು ಪೂರ್ತಿ ಬಿಚ್ಚಿ, ಫ್ರೇಮ್ ಬೋಳು ಮಾಡಿ, ಬಣ್ಣ ಹೊಡೆಸಿ, ಹೊಸದರಂತೆ ಜೋಡಿಸುವುದು ವಿಡಿಯೋದಲ್ಲಿ ನೋಡಲು ಚೆನ್ನ. ಮೊದಲ ಸಲ ಕೈ ಹಾಕುವವರ ಗಾಡಿಗಳು ಕೆಟ್ಟು ನಿಲ್ಲುವುದೂ ಅಲ್ಲೇ. ಬಿಚ್ಚಿದ್ದಾಯಿತು, ಯಾವ ಬೋಲ್ಟು ಎಲ್ಲಿಯದು ಅಂತ ಮರೆತುಹೋಯಿತು, ರಟ್ಟಿನ ಡಬ್ಬಿಗಳ ಮೇಲೆ ಧೂಳು ಕೂತಿತು. ಅದಕ್ಕೇ ಇಲ್ಲಿ ಹೇಳುವ ದಾರಿ ಬೇರೆ. ಒಂದು ಸಲಕ್ಕೆ ಒಂದೇ ಭಾಗ ಬಿಚ್ಚಿ. ಅದನ್ನು ಸರಿಮಾಡಿ, ಜೋಡಿಸಿ, ಆಮೇಲೆ ಮುಂದಿನದಕ್ಕೆ ಹೋಗಿ.

ಕ್ರಮ ಹೀಗಿರಲಿ: ಗಾಡಿ ಮೊದಲು ನಿಲ್ಲುವಂತಾಗಬೇಕು, ನೆಟ್ಟಗೆ ಹೋಗುವಂತಾಗಬೇಕು, ಆಮೇಲೆ ಸ್ಟಾರ್ಟ್ ಆಗಬೇಕು, ಹೊಳೆಯುವುದು ಕಟ್ಟಕಡೆಗೆ. ಎಂಜಿನ್‌ಗಿಂತ ಬ್ರೇಕ್ ಯಾಕೆ ಮೊದಲು? ಎಂಜಿನ್ ಒಮ್ಮೆ ಗುಡುಗಿತು ಅಂದರೆ, 'ಒಂದೇ ಒಂದು ರೌಂಡ್' ಅನ್ನುವ ಆಸೆಯನ್ನು ಹೊಸ ಸವಾರರು ತಡೆದುಕೊಳ್ಳುವುದು ಕಷ್ಟ. ಆ ಒಂದು ರೌಂಡ್ ಹೊಡೆಯುವಾಗ ಬ್ರೇಕ್ ಹಿಡಿಯಬೇಕು, ಅಲ್ವಾ?

ಹಾಗೆಯೇ, ಕಲಿಯುವ ಗಾಡಿ ಬೇರೆ, ಕಟ್ಟುವ ಗಾಡಿ ಬೇರೆ ಇರಲಿ. ಓಡಿಸುವುದನ್ನು ಸುಸ್ಥಿತಿಯಲ್ಲಿರುವ ಗಾಡಿಯ ಮೇಲೆ, ಗೊತ್ತಿರುವವರ ಹತ್ತಿರ ಕಲಿಯಿರಿ. ಲೈಸೆನ್ಸ್ ಮಾಡಿಸಿಕೊಳ್ಳಿ. ಹಳೇ ಗಾಡಿಯ ಮೇಲೇ ಕಲಿತರೆ, ಗಾಡಿ ಒಂದು ಕಡೆ ಎಳೆಯುತ್ತಿದೆಯಾ ಅಥವಾ ನನಗೇ ಹಿಡಿತ ಬಂದಿಲ್ಲವಾ ಅನ್ನುವುದು ಗೊತ್ತಾಗುವುದಿಲ್ಲ.

ಯಾವ ಗಾಡಿ ಆರಿಸಬೇಕು

ಗಾಡಿ ಮನೆಯಲ್ಲೇ ಇದ್ದರೆ ಈ ಭಾಗ ಬಿಟ್ಟು ಮುಂದೆ ಹೋಗಿ. ಹುಡುಕುತ್ತಿದ್ದರೆ ಒಂದೇ ಸಿಲಿಂಡರ್, ಗಾಳಿಯಿಂದಲೇ ತಣ್ಣಗಾಗುವ ಎಂಜಿನ್, ಒಂದೇ ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ), 100ರಿಂದ 250 ಸಿಸಿ ಇರುವ ಗಾಡಿಯನ್ನೇ ಆರಿಸಿ. ನಾಲ್ಕು ಸಿಲಿಂಡರ್ ಗಾಡಿಯ ಸದ್ದು ಎಷ್ಟೇ ಸೊಗಸಾಗಿದ್ದರೂ ಅದರ ನಾಲ್ಕು ಕಾರ್ಬೊರೇಟರ್‌ಗಳನ್ನು ಒಂದಕ್ಕೊಂದು ಹೊಂದಿಸುವುದು ಮೊದಲ ಸಲದ ಕೆಲಸವಲ್ಲ.

ಓಡದ ಗಾಡಿ ಪರವಾಗಿಲ್ಲ, ಬಿಚ್ಚಿಟ್ಟ ಗಾಡಿ ಬೇಡ. ಎಲ್ಲ ಭಾಗಗಳೂ ಜಾಗದಲ್ಲಿದ್ದರೆ ಯಾವುದು ಎಲ್ಲಿಗೆ ಅಂತ ಕಣ್ಣಿಗೆ ಕಾಣುತ್ತದೆ. ಚೀಲದಲ್ಲಿ ತುಂಬಿಕೊಟ್ಟ ಗಾಡಿಯಲ್ಲಿ ಒಂದು ಚಿಕ್ಕ ಬ್ರಾಕೆಟ್ ಇಲ್ಲದಿದ್ದರೂ ಅದನ್ನು ಹುಡುಕಿ ಅಲೆಯಬೇಕು. ಹಾಗೆಯೇ ಬಣ್ಣ ನೋಡಿ ಮರುಳಾಗಬೇಡಿ. ಮೇಲೆ ಥಳುಕು, ಒಳಗೆ ಹುಳುಕು ಅನ್ನುವ ಮಾತು ಹೊಸದಾಗಿ ಬಣ್ಣ ಹೊಡೆದು ಮಾರಾಟಕ್ಕಿಟ್ಟ ಬೈಕುಗಳಿಗೆ ಹೇಳಿ ಮಾಡಿಸಿದಂತಿದೆ.

ನೋಡಲು ಹೋದಾಗ ಮೊದಲು ಕಾಗದ. ಫ್ರೇಮಿನ ಮೇಲೆ ಕೊರೆದ ನಂಬರ್ ಮತ್ತು ಎಂಜಿನ್ ನಂಬರ್ ದಾಖಲೆಯಲ್ಲಿರುವ ನಂಬರಿಗೆ ಹೊಂದಬೇಕು. ಹೊಂದದಿದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಆಮೇಲೆ ಫ್ರೇಮ್: ಹ್ಯಾಂಡಲ್ ಕೆಳಗೆ ಕೊಳವೆಗಳು ಸೇರುವ ಜಾಗದಲ್ಲಿ ಬಣ್ಣ ಸುಕ್ಕಾಗಿದೆಯಾ, ಬೆಸುಗೆಯಲ್ಲಿ ಬಿರುಕಿದೆಯಾ ನೋಡಿ. ಹಿಂದೆ ನಿಂತು ಎರಡು ಚಕ್ರವೂ ಒಂದೇ ಗೆರೆಯಲ್ಲಿವೆಯಾ ನೋಡಿ. ಬಾಗಿದ ಫ್ರೇಮನ್ನು ಮನೆಯಲ್ಲಿ ಸರಿಮಾಡಲು ಆಗುವುದಿಲ್ಲ. ಕೊನೆಯದಾಗಿ, ಆ ಮಾಡೆಲ್‌ಗೆ ಬಿಡಿಭಾಗಗಳು ಮತ್ತು ಸರ್ವಿಸ್ ಮ್ಯಾನ್ಯುಯಲ್ ಸಿಗುತ್ತವೆಯಾ ವಿಚಾರಿಸಿ. ಮ್ಯಾನ್ಯುಯಲ್ ಇಲ್ಲದೆ ಕೆಲಸ ಶುರು ಮಾಡಬೇಡಿ. ಕೆಳಗೆ ಕೊಟ್ಟಿರುವ ಅಳತೆಗಳು ಸಾಮಾನ್ಯವಾಗಿ ಚಿಕ್ಕ ಗಾಡಿಗಳಿಗೆ ಬರುವಂಥವು. ನಿಮ್ಮ ಗಾಡಿಗೆ ಅದರ ಮ್ಯಾನ್ಯುಯಲ್ ಹೇಳಿದ್ದೇ ಕೊನೇ ಮಾತು.

ಟೂಲ್ಸು, ಜಾಗ, ಮೊಬೈಲ್ ಕ್ಯಾಮೆರಾ

ಒಂದು ಸೆಟ್ ಸ್ಪ್ಯಾನರ್, ಒಂದು ಸೆಟ್ ಸಾಕೆಟ್, ಇಕ್ಕಳ, ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಪಟ್ಟಿಗಳು), ಮಲ್ಟಿಮೀಟರ್, ಪ್ಲಗ್ ಸ್ಪ್ಯಾನರ್. ಇವಿಷ್ಟರಲ್ಲಿ ಮುಕ್ಕಾಲು ಕೆಲಸ ಮುಗಿಯುತ್ತದೆ. ಮಿಕ್ಕಿದ್ದನ್ನು ಬೇಕಾದಾಗ ತಂದರಾಯಿತು. ಎರಡು ಟೂಲ್‌ಗಳಲ್ಲಿ ಮಾತ್ರ ಜಿಪುಣತನ ಬೇಡ. ಒಂದು, ಬೋಲ್ಟು ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸುವ ಟಾರ್ಕ್ ರೆಂಚ್. ಎಂಜಿನ್ ಕವರಿನ 6 ಮಿ.ಮೀ. ಬೋಲ್ಟುಗಳಿಗೆ ಸುಮಾರು 10 ನ್ಯೂಟನ್ ಮೀಟರ್ ಬಿಗಿತ ಸಾಕು. ಅದು ಎಷ್ಟು ಕಡಿಮೆ ಅಂತ ಕೈಗೆ ಗೊತ್ತಾಗಲು ಸಮಯ ಬೇಕು. ಅಲ್ಲಿಯವರೆಗೆ ಅಲ್ಯೂಮಿನಿಯಂ ಥ್ರೆಡ್ ಹೋಗುತ್ತಲೇ ಇರುತ್ತದೆ. ಇನ್ನೊಂದು, ಸರಿಯಾದ ಸ್ಕ್ರೂಡ್ರೈವರ್. ಜಪಾನಿನ ಹಳೇ ಬೈಕುಗಳಲ್ಲಿ ಇರುವ ಪ್ಲಸ್ ಸ್ಕ್ರೂಗಳು ಮಾಮೂಲಿ ಫಿಲಿಪ್ಸ್ ಅಲ್ಲ, ಜೆಐಎಸ್ ಅನ್ನುವ ಜಪಾನೀ ಅಳತೆಯವು. ಫಿಲಿಪ್ಸ್ ಹಾಕಿ ತಿರುಗಿಸಿದರೆ ಜಾರಿ ಸ್ಕ್ರೂ ತಲೆ ಸವೆದುಹೋಗುತ್ತದೆ. ಜೆಐಎಸ್ ಬಿಟ್ ಹಾಕಿದ, ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಇದ್ದರೆ ಹಟ ಹಿಡಿದ ಸ್ಕ್ರೂ ಕೂಡ ಬರುತ್ತದೆ.

ಜಾಗ ಗಾಳಿಯಾಡುವಂತಿರಲಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದು ದೂರದ ಕಿಡಿಯನ್ನೂ ಮುಟ್ಟುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಲ್ಲಿರಲಿ. ಅದು ಪೆಟ್ರೋಲ್ ಬೆಂಕಿಗೆ ಆಗುವಂಥದ್ದೇ ಆಗಿರಬೇಕು. ನೀರಿನ ಬಕೆಟ್ಟನ್ನು ನಂಬಬೇಡಿ.

ಏನನ್ನೇ ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ. ಹತ್ತಿರದಿಂದ ಒಂದು, ದೂರದಿಂದ ಒಂದು, ವೈರು ಮತ್ತು ಕೇಬಲ್ ಯಾವುದರ ಹಿಂದೆ ಹಾದುಹೋಗಿದೆ ಅನ್ನುವುದಕ್ಕೆ ಇನ್ನೊಂದು. ಎಂಜಿನ್ ಕವರಿನ ಸ್ಕ್ರೂಗಳಿಗೆ ಒಂದು ಹಳೇ ಉಪಾಯವಿದೆ: ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ರಟ್ಟಿಗೆ ಚುಚ್ಚಿಡಿ. ಒಂದೇ ಕವರಿನಲ್ಲಿ ಬೇರೆ ಬೇರೆ ಉದ್ದದ ಸ್ಕ್ರೂಗಳಿರುತ್ತವೆ. ಉದ್ದದ್ದನ್ನು ಚಿಕ್ಕ ತೂತಿಗೆ ಹಾಕಿ ಬಿಗಿದರೆ ಕವರೋ ಒಳಗಿನ ಥ್ರೆಡ್ಡೋ ಸೀಳುತ್ತದೆ.

ಎಂಜಿನ್ ತಿರುಗುತ್ತದೆಯೇ?

ಬ್ರೇಕಿಗೆ ದುಡ್ಡು ಹಾಕುವ ಮುಂಚೆ ಎಂಜಿನ್ ಪೂರ್ತಿ ಕೈಕೊಟ್ಟಿಲ್ಲ ಅನ್ನುವುದನ್ನು ಖಚಿತ ಮಾಡಿಕೊಳ್ಳಬೇಕು. ಇಲ್ಲಿ ಸ್ಟಾರ್ಟ್ ಮಾಡುವ ಮಾತಿಲ್ಲ, ಬರೀ ಪರೀಕ್ಷೆ.

ಸ್ಪಾರ್ಕ್ ಪ್ಲಗ್ ಸುತ್ತಲಿನ ಮಣ್ಣನ್ನು ಬ್ರಶ್‌ನಿಂದ ತೆಗೆದು, ಆಮೇಲೆ ಪ್ಲಗ್ ಬಿಚ್ಚಿ. ಆ ತೂತಿನಿಂದ ತುಕ್ಕು ಬಿಡಿಸುವ ಎಣ್ಣೆಯನ್ನು ಒಂದೆರಡು ಚಮಚ ಬಿಡಿ. ಒಂದು ರಾತ್ರಿ ಕಾಯಿರಿ, ಎರಡು ದಿನವಾದರೆ ಇನ್ನೂ ಒಳ್ಳೆಯದು. ನಂತರ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ನಿಧಾನಕ್ಕೆ ಮುಂದೆ ತಿರುಗಿಸಿ. ತಿರುಗಿದರೆ ಬಚಾವ್. ತಿರುಗದಿದ್ದರೆ ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಆಡಿಸಿ, ಮತ್ತೆ ಎಣ್ಣೆ ಬಿಟ್ಟು, ಮತ್ತೆ ಕಾಯಿರಿ. ಒಂದು ವಾರವಾದರೂ ಜಗ್ಗದಿದ್ದರೆ ಸಿಲಿಂಡರ್ ಬಿಚ್ಚಲೇಬೇಕು. ಆಗ ಅನುಭವವಿರುವ ಮೆಕ್ಯಾನಿಕ್ ಪಕ್ಕದಲ್ಲಿರಲಿ.

ತಿರುಗುತ್ತದೆ ಅಂದರೆ ಮುಂದಿನದು ಕಂಪ್ರೆಶನ್, ಅಂದರೆ ಪಿಸ್ಟನ್ ಸಿಲಿಂಡರಿನೊಳಗೆ ಕಟ್ಟುವ ಒತ್ತಡ. ಪ್ಲಗ್ ತೂತಿಗೆ ಕಂಪ್ರೆಶನ್ ಗೇಜ್ ಕೂರಿಸಿ, ಎಕ್ಸಲರೇಟರ್ ಪೂರ್ತಿ ತಿರುಗಿಸಿ ಹಿಡಿದು, ಮುಳ್ಳು ಏರುವುದು ನಿಲ್ಲುವವರೆಗೆ ಕಿಕ್ ಮಾಡಿ. ಪೆಟ್ರೋಲ್ ಬಂದ್ ಇರಲಿ. ಫೋರ್‌ಸ್ಟ್ರೋಕ್ ಚಿಕ್ಕ ಎಂಜಿನ್‌ನಲ್ಲಿ 120 ಪಿಎಸ್‌ಐ ಮೇಲೆ ಬಂದರೆ ಸಾಮಾನ್ಯವಾಗಿ ನೆಮ್ಮದಿ. ಕಡಿಮೆ ಬಂದರೆ ಒಂದು ಚಮಚ ಎಂಜಿನ್ ಆಯಿಲ್ ಒಳಗೆ ಬಿಟ್ಟು ಮತ್ತೆ ನೋಡಿ. ಈಗ ಒತ್ತಡ ಏರಿದರೆ ಸೋರುತ್ತಿರುವುದು ರಿಂಗ್ ಹತ್ತಿರ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ. ವರ್ಷಗಟ್ಟಲೆ ನಿಂತ ಎಂಜಿನ್‌ನ ಕಂಪ್ರೆಶನ್ ಮೊದಲು ಕಡಿಮೆ ಇದ್ದು, ಒಂದಷ್ಟು ಓಡಿದ ಮೇಲೆ ತಾನೇ ಸರಿಹೋಗುವುದೂ ಉಂಟು. ಮೊದಲ ಸಂಖ್ಯೆ ನೋಡಿ ಎದೆಗುಂದಬೇಡಿ.

ನಿಲ್ಲುವುದು ಮತ್ತು ನೆಟ್ಟಗೆ ಹೋಗುವುದು

ಡ್ರಮ್ ಬ್ರೇಕ್ ಸುಲಭ. ಚಕ್ರ ಬಿಚ್ಚಿದರೆ ಬ್ರೇಕ್ ಪ್ಲೇಟ್ ಹೊರಗೆ ಬರುತ್ತದೆ. ಒಳಗಿನ ಕಪ್ಪು ಧೂಳನ್ನು ಊದಬೇಡಿ, ಏರ್ ಕೂಡ ಹೊಡೆಯಬೇಡಿ. ಹಳೇ ಬ್ರೇಕ್ ಶೂಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ. ಶೂ ಮೇಲಿನ ಲೈನಿಂಗ್ 2 ಮಿ.ಮೀ.ಗೆ ಇಳಿದಿದ್ದರೆ, ಅಥವಾ ಅದು ಎಣ್ಣೆ ಕುಡಿದಿದ್ದರೆ, ಹೊಸದು ಹಾಕಿ. ಎಣ್ಣೆ ಕುಡಿದ ಶೂವನ್ನು ಉಜ್ಜಿ ಸರಿಮಾಡುವ ಪ್ರಯತ್ನ ವ್ಯರ್ಥ. ಶೂಗಳನ್ನು ಅಗಲಿಸುವ ಕ್ಯಾಮ್‌ಗೆ ಸಾಸಿವೆಯಷ್ಟೇ ಗ್ರೀಸ್ ಹಚ್ಚಿ. ಜಾಸ್ತಿಯಾದರೆ ಬಿಸಿಗೆ ಕರಗಿ ಲೈನಿಂಗಿಗೇ ಇಳಿಯುತ್ತದೆ. ಜೋಡಿಸುವಾಗ ಆಕ್ಸಲ್ ನಟ್ ಸಡಿಲವಾಗಿಟ್ಟು, ಬ್ರೇಕ್ ಒತ್ತಿ ಹಿಡಿದುಕೊಂಡು ಬಿಗಿಯಿರಿ. ಆಗ ಶೂ ಡ್ರಮ್ಮಿನ ಮಧ್ಯಕ್ಕೆ ಕೂರುತ್ತದೆ. ಈ ಚಿಕ್ಕ ಕೆಲಸದಿಂದ ಬ್ರೇಕ್ ಹಿಡಿತದಲ್ಲಿ ಗೊತ್ತಾಗುವಷ್ಟು ವ್ಯತ್ಯಾಸ ಬರುತ್ತದೆ. ಹಿಂದಿನ ಪೆಡಲ್‌ಗೆ 20ರಿಂದ 30 ಮಿ.ಮೀ. ಪ್ಲೇ (ಬ್ರೇಕ್ ಹಿಡಿಯುವ ಮುಂಚಿನ ಖಾಲಿ ಆಟ) ಇರಲಿ.

ಡಿಸ್ಕ್ ಇದ್ದರೆ ಕೆಲಸ ಇನ್ನೂ ಎಚ್ಚರದ್ದು. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ನಿಂತ ಗಾಡಿಯಲ್ಲಿ ಅದು ಕಂದು ಬಣ್ಣಕ್ಕೆ ತಿರುಗಿ, ಡಿಸ್ಕನ್ನು ಒತ್ತಿ ಹಿಡಿಯುವ ಕ್ಯಾಲಿಪರ್‌ನ ಪಿಸ್ಟನ್ ತುಕ್ಕು ಹಿಡಿದು ಜಾಮ್ ಆಗಿರುತ್ತದೆ. ಪಿಸ್ಟನ್ ಹೊರಗೆ ತೆಗೆದು, ಸೀಲ್‌ಗಳನ್ನು ಬದಲಿಸಿ, ಹಳೇ ರಬ್ಬರ್ ಹೋಸ್ ಕೂಡ ಹೊಸದು ಹಾಕಿ. ಗಾಡಿಯ ಬ್ರೇಕ್ ಫ್ಲೂಯಿಡ್ ಡಬ್ಬದ ಮುಚ್ಚಳದ ಮೇಲೆ ಯಾವ ಫ್ಲೂಯಿಡ್ ಬರೆದಿದೆಯೋ ಅದನ್ನೇ ಹಾಕಿ. ಡಾಟ್ 4 ಇರುವಲ್ಲಿ ಸಿಲಿಕೋನಿನ ಡಾಟ್ 5 ಬೆರೆಸಬಾರದು. ಫ್ಲೂಯಿಡ್ ಬಣ್ಣವನ್ನು ತಿನ್ನುತ್ತದೆ, ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ. ಕೊನೆಗೆ ಗಾಳಿ ತೆಗೆದ ಮೇಲೆ ಲಿವರ್ ಕಲ್ಲಿನಂತೆ ಗಟ್ಟಿ ಬರಬೇಕು. ಬರದಿದ್ದರೆ ಒಳಗೆ ಗಾಳಿ ಉಳಿದಿದೆ ಅಂತಲೇ ಲೆಕ್ಕ.

ಟೈರ್ ವಿಷಯದಲ್ಲಿ ಚರ್ಚೆಯೇ ಬೇಡ. ಟೈರ್ ಮೇಲಿನ ಗುಂಡಿ (ಟ್ರೆಡ್) ಎಷ್ಟೇ ಆಳವಿದ್ದರೂ ರಬ್ಬರ್ ಗಟ್ಟಿಯಾಗಿದ್ದರೆ ಅದು ರಸ್ತೆ ಹಿಡಿಯುವುದಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತು ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಯೋಚಿಸದೆ ಬಿಸಾಕಿ. ಹತ್ತು ವರ್ಷ ದಾಟಿದ್ದು, ಬಿರುಕು ಬಿಟ್ಟಿದ್ದು ಯಾವುದೂ ಬೇಡ. ಟ್ಯೂಬನ್ನೂ ರಿಮ್ ಟೇಪನ್ನೂ ಜೊತೆಗೇ ಬದಲಿಸಿ. ಹೊಸ ಟೈರಿನ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗಿರಲಿ.

ಸ್ಪೋಕ್ ಚಕ್ರವಾದರೆ ಪ್ರತಿ ಕಡ್ಡಿಯನ್ನೂ ಸ್ಪ್ಯಾನರ್‌ನಿಂದ ಮೆಲ್ಲಗೆ ತಟ್ಟಿ. ಬಿಗಿಯಿದ್ದದ್ದು ಟಿಣ್ ಅನ್ನುತ್ತದೆ, ಸಡಿಲವಿದ್ದದ್ದು ಟಪ್ ಅನ್ನುತ್ತದೆ. ಒಂದೆರಡು ಸಡಿಲವಿದ್ದರೆ ಬಿಗಿ ಮಾಡಬಹುದು. ರಿಮ್ಮೇ ಡೊಂಕಾಗಿದ್ದರೆ ಚಕ್ರ ಕಟ್ಟುವವರ ಹತ್ತಿರ ಕೊಡಿ.

ಈಗ ಮುಂದಿನ ಚಕ್ರವನ್ನು ನೆಲದಿಂದ ಎತ್ತಿ. ಹ್ಯಾಂಡಲ್ಲನ್ನು ಈ ತುದಿಯಿಂದ ಆ ತುದಿಗೆ ಒಂದೇ ಬೆರಳಿನಿಂದ ತಿರುಗಿಸಿ. ನಡುವೆ ಗಚ್ ಅಂತ ಹಲ್ಲಿಗೆ ಕೂತಂತಾದರೆ ಹೆಡ್ ಬೇರಿಂಗ್ ಹೋಗಿದೆ. ಫೋರ್ಕ್ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆಯಿರಿ, ಟಕ್ ಟಕ್ ಅಂದರೆ ಬೇರಿಂಗ್ ಸಡಿಲ. ಚಕ್ರವನ್ನು ಅಡ್ಡಡ್ಡ ಅಲ್ಲಾಡಿಸಿದರೆ ಚಕ್ರದ ಬೇರಿಂಗ್ ಸ್ಥಿತಿ ಗೊತ್ತಾಗುತ್ತದೆ, ಹಿಂದಿನದರಲ್ಲಿ ಸ್ವಿಂಗ್ ಆರ್ಮ್ ಬುಶ್‌ನದ್ದೂ. ಫೋರ್ಕ್ ಕೊಳವೆಯಲ್ಲಿ ತುಕ್ಕಿನ ಕುಳಿಗಳಿದ್ದರೆ ಬರೀ ಆಯಿಲ್ ಸೀಲ್ ಬದಲಿಸಿ ಸುಖವಿಲ್ಲ. ಆ ಕುಳಿ ಹೊಸ ಸೀಲನ್ನೂ ಹರಿಯುತ್ತದೆ.

ಟ್ಯಾಂಕಿನ ತುಕ್ಕು

ಹಳೇ ಪೆಟ್ರೋಲನ್ನು ಡಬ್ಬಿಗೆ ಇಳಿಸಿ, ಮೋರಿಗೆ ಸುರಿಯಬೇಡಿ. ಎಥನಾಲ್ ಬೆರೆತ ಪೆಟ್ರೋಲ್ ನಿಂತಲ್ಲೇ ನೀರು ಹೀರಿಕೊಂಡು, ಆ ನೀರು ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ತುಕ್ಕು ಜಾಸ್ತಿ ಕಾಣುವುದೂ ತಳದಲ್ಲೇ.

ಟ್ಯಾಂಕನ್ನು ಗಾಡಿಯಿಂದ ಬಿಚ್ಚಿ, ಮುಚ್ಚಳ ಮತ್ತು ಪೆಟ್ರೋಲ್ ಕಾಕ್ ತೆಗೆದು, ಸೋಪು ನೀರಿನಲ್ಲಿ ಪೆಟ್ರೋಲ್ ವಾಸನೆ ಹೋಗುವವರೆಗೆ ತೊಳೆಯಿರಿ. ತುಕ್ಕು ಹೊಪ್ಪಳೆ ಹೊಪ್ಪಳೆಯಾಗಿದ್ದರೆ ಒಂದು ಹಿಡಿ ನಟ್ಟುಗಳನ್ನು ಎಣಿಸಿ ಒಳಗೆ ಹಾಕಿ, ಟ್ಯಾಂಕ್ ಅಲುಗಾಡಿಸಿ. ಎಣಿಸಿ ಅಂದದ್ದು ಸುಮ್ನೆ ಅಲ್ಲ. ಹೊರಗೆ ಬರುವಾಗ ಒಂದು ಕಡಿಮೆಯಾದರೆ ಅದು ಒಳಗೇ ಇದೆ. ಆಮೇಲೆ ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ, ಟ್ಯಾಂಕ್ ಕಂಠಮಟ್ಟ ತುಂಬಿ. ಅರ್ಧ ತುಂಬಿದರೆ ನೀರು ಮುಟ್ಟದ ಕಡೆ ತುಕ್ಕು ಹಾಗೇ ಉಳಿಯುತ್ತದೆ. ಒಂದು ದಿನ ಬಿಡಿ. ನೀರು ಹಸಿರು-ಹಳದಿಗೆ ತಿರುಗಿ, ಒಳಗೆ ಬೂದು ಬಣ್ಣದ ಕಬ್ಬಿಣ ಕಾಣಬೇಕು. ಹೊರಗಿನ ಬಣ್ಣದ ಮೇಲೆ ಚೆಲ್ಲಿದ್ದನ್ನು ಆಗಾಗಲೇ ತೊಳೆಯುತ್ತಿರಿ.

ಇಲ್ಲಿಂದ ಮುಂದೆ ಬೇಗ ಬೇಗ ಮಾಡಬೇಕು. ಆಸಿಡ್ ಚೆಲ್ಲಿ, ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಒಮ್ಮೆ ಬರೀ ನೀರಿನಲ್ಲಿ ತೊಳೆದು, ಕೂಡಲೇ ಬಿಸಿಗಾಳಿಯಲ್ಲಿ ಒಣಗಿಸಿ. ಒದ್ದೆ ಕಬ್ಬಿಣ ನೋಡನೋಡುತ್ತಲೇ ಮತ್ತೆ ಕೆಂಪಾಗುತ್ತದೆ. ಪೂರ್ತಿ ಒಣಗಿ, ಬಿಸಿ ಆರಿದ ಮೇಲೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ, ಎಲ್ಲ ಕಡೆ ತಾಗುವಂತೆ ಆಡಿಸಿಡಿ. ಒಳಗೆ ಲೇಪಿಸುವ ಸೀಲರ್‌ಗಳು ಸಿಗುತ್ತವೆ. ಸೂಜಿತೂತು ಬಿದ್ದಿಲ್ಲದಿದ್ದರೆ ಅವು ಬೇಡ ಅನ್ನುವುದು ನನ್ನ ಅಭಿಪ್ರಾಯ. ಸರಿಯಾಗಿ ಹಿಡಿಯದಿದ್ದರೆ ಸಿಪ್ಪೆ ಎದ್ದು ಕಾರ್ಬೊರೇಟರ್ ಸೇರುತ್ತವೆ. ಮತ್ತೆ, ಪೆಟ್ರೋಲ್ ಟ್ಯಾಂಕಿಗೆ ಮನೆಯಲ್ಲಿ ವೆಲ್ಡಿಂಗ್ ಮಾಡುವ ಸಾಹಸ ಯಾವತ್ತೂ ಬೇಡ. ಖಾಲಿ ಟ್ಯಾಂಕಿನ ಆವಿಯೇ ಸಿಡಿಯುವುದು.

ಪೆಟ್ರೋಲ್ ಕಾಕ್‌ನೊಳಗಿನ ಜಾಲರಿ ತೊಳೆದು, ವಾಷರ್‌ಗಳನ್ನು ಬದಲಿಸಿ, ಹೊಸ ಪೈಪ್ ಜೊತೆಗೆ ಒಂದು ಫಿಲ್ಟರ್ ಹಾಕಿ.

ಕಾರ್ಬೊರೇಟರ್

ನಿಂತ ಗಾಡಿ ಸ್ಟಾರ್ಟ್ ಆಗದಿರಲು ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಪೆಟ್ರೋಲ್ ಆವಿಯಾಗಿ ಹೋದ ಮೇಲೆ ಹಿಂದೆ ಉಳಿಯುವುದು ಅಂಟು. ಅದು ಅತಿ ಸಣ್ಣ ತೂತನ್ನು ಮೊದಲು ಮುಚ್ಚುತ್ತದೆ. ಆ ಅತಿ ಸಣ್ಣ ತೂತು, ಎಂಜಿನ್ ನಿಧಾನಕ್ಕೆ ಓಡುವಾಗ ಪೆಟ್ರೋಲ್ ಕೊಡುವ ಪೈಲಟ್ ಜೆಟ್‌ನದ್ದು, ಅರ್ಧ ಮಿ.ಮೀ.ಗಿಂತಲೂ ಚಿಕ್ಕದು. ಚೋಕ್ ಎಳೆದರೆ ಸ್ಟಾರ್ಟ್ ಆಗಿ, ಚೋಕ್ ಬಿಟ್ಟ ಕೂಡಲೇ ಆರಿಹೋಗುವ ಗಾಡಿಗಳ ಕಾಯಿಲೆ ಸಾಮಾನ್ಯವಾಗಿ ಇದೇ.

ಬಿಳಿ ಬಟ್ಟೆ ಹಾಸಿದ ತಟ್ಟೆಯ ಮೇಲೆ ಕೆಲಸ ಮಾಡಿ, ಬಿದ್ದ ಸ್ಪ್ರಿಂಗ್ ಸಿಗುತ್ತದೆ. ಮೊದಲು ಕೆಳಗಿನ ಬಟ್ಟಲು ಬಿಚ್ಚಿ. ತಳದಲ್ಲಿ ಹಸಿರು ಅಥವಾ ಕಂದು ಗಸಿ ಕೂತಿರುತ್ತದೆ. ಫ್ಲೋಟ್ (ಪೆಟ್ರೋಲ್ ಮೇಲೆ ತೇಲುವ ಬುರುಡೆ) ಹಿಡಿದಿರುವ ಪಿನ್ ಅನ್ನು ಮೆಲ್ಲಗೆ ತಳ್ಳಿ ತೆಗೆಯಿರಿ. ಜೋರು ಮಾಡಿದರೆ ಅದನ್ನು ಹಿಡಿದಿರುವ ಕಂಬ ಮುರಿಯುತ್ತದೆ, ಮುರಿದರೆ ಕಾರ್ಬೊರೇಟರನ್ನೇ ಬದಲಿಸಬೇಕಾಗಬಹುದು. ಫ್ಲೋಟ್ ಜೊತೆ ಸೂಜಿಯಂಥ ವಾಲ್ವ್ ಬರುತ್ತದೆ. ಅದರ ಮೊನೆಯಲ್ಲಿ ಸುತ್ತ ಗೀರು ಬಿದ್ದಿದ್ದರೆ ಹೊಸದು ಹಾಕಿ, ಇಲ್ಲದಿದ್ದರೆ ಪೆಟ್ರೋಲ್ ತುಂಬಿ ಹರಿಯುತ್ತಲೇ ಇರುತ್ತದೆ.

ಪಕ್ಕದಲ್ಲಿರುವ ಪೈಲಟ್ ಸ್ಕ್ರೂ ಬಿಚ್ಚುವ ಮುಂಚೆ ಅದನ್ನು ಒಳಗೆ ತಿರುಗಿಸುತ್ತಾ ಹೋಗಿ, ಮೆತ್ತಗೆ ಕೂರುವ ತನಕ ಎಷ್ಟು ಸುತ್ತು ಬಂತು ಅಂತ ಎಣಿಸಿ ಬರೆದಿಡಿ. ಬಹಳಷ್ಟು ಗಾಡಿಗಳಲ್ಲಿ ಒಂದೂವರೆಯಿಂದ ಎರಡೂವರೆ ಸುತ್ತಿನ ನಡುವೆ ಇರುತ್ತದೆ. ಜೋಡಿಸುವಾಗ ಅಷ್ಟೇ ಸುತ್ತು ಹೊರಗೆ ತಿರುಗಿಸಿ.

ಮೇನ್ ಜೆಟ್, ಪೈಲಟ್ ಜೆಟ್ ಎರಡೂ ಹಿತ್ತಾಳೆ, ಮೃದು ಲೋಹ. ಅಳತೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್‌ನಿಂದಲೇ ಬಿಚ್ಚಿ. ರಬ್ಬರ್ ಭಾಗಗಳನ್ನೆಲ್ಲ ತೆಗೆದಿಟ್ಟು, ಮಿಕ್ಕಿದ್ದಕ್ಕೆ ಕಾರ್ಬ್ ಕ್ಲೀನರ್ ಹೊಡೆಯಿರಿ. ಕನ್ನಡಕ ಹಾಕಿಕೊಳ್ಳಿ, ಒಂದು ತೂತಿಗೆ ಹೊಡೆದದ್ದು ಇನ್ನೊಂದರಿಂದ ನೆಟ್ಟಗೆ ಕಣ್ಣಿಗೆ ಚಿಮ್ಮುತ್ತದೆ. ಪ್ರತಿ ಜೆಟ್ಟನ್ನೂ ಬೆಳಕಿಗೆ ಹಿಡಿದು ನೋಡಿ. ತೂತು ದುಂಡಗೆ, ಅಂಚು ಚೊಕ್ಕವಾಗಿ ಕಾಣಬೇಕು. ಕಟ್ಟಿಕೊಂಡಿದ್ದರೆ ವಿದ್ಯುತ್ ವೈರಿನಿಂದ ತೆಗೆದ ತಾಮ್ರದ ಒಂದೇ ಎಳೆ ಹಾಕಿ ಬಿಡಿಸಿ. ಉಕ್ಕಿನ ಪಿನ್ನು ಬೇಡ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಪೆಟ್ರೋಲ್ ಅಳತೆ ತಪ್ಪುತ್ತದೆ.

ಜೆಟ್ ಚೊಕ್ಕವಾದರೆ ಸಾಲದು, ಕಾರ್ಬೊರೇಟರ್ ಮೈಯೊಳಗೂ ಕೊಳವೆಗಳಿವೆ. ಪೈಲಟ್ ಜೆಟ್ ಕೂರುವ ತೂತಿಗೆ ಕ್ಲೀನರ್ ಹೊಡೆದಾಗ ಎಂಜಿನ್ ಕಡೆಯ ಬಾಯಲ್ಲಿರುವ ಸಣ್ಣ ತೂತುಗಳಿಂದ ಅದು ಚಿಮ್ಮಬೇಕು. ಚಿಮ್ಮುವವರೆಗೆ ನೆನೆಸಿ, ಏರ್ ಹೊಡೆದು, ಮತ್ತೆ ಮತ್ತೆ ಮಾಡಿ.

ಜೋಡಿಸಿದ ಮೇಲೆ ಎಂಜಿನ್ ಮತ್ತು ಕಾರ್ಬೊರೇಟರ್ ನಡುವಿನ ರಬ್ಬರನ್ನು ಬಗ್ಗಿಸಿ ನೋಡಿ. ಅಲ್ಲಿ ಬಿರುಕಿದ್ದರೆ ಗಾಳಿ ಕಳ್ಳದಾರಿಯಲ್ಲಿ ಒಳಹೋಗಿ, ನಿಮ್ಮ ಎಲ್ಲ ಶ್ರಮ ನೀರುಪಾಲು. ಏರ್ ಫಿಲ್ಟರ್ ಹೊಸದಿರಲಿ. ಹಳೇ ಫೋಮು ಮುಟ್ಟಿದರೆ ಪುಡಿಪುಡಿಯಾಗಿ ಎಂಜಿನ್ ಒಳಗೆ ಹೋಗುತ್ತದೆ.

ಕಿಡಿ ಮತ್ತು ವೈರಿಂಗ್

ಬ್ಯಾಟರಿ ಹೊಸದು ಹಾಕಿ. ಅದಕ್ಕೂ ಮುಂಚೆ ಗಾಡಿ 6 ವೋಲ್ಟಿನದೋ 12 ವೋಲ್ಟಿನದೋ ನೋಡಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಕೆಲವು ಹಳೇ ಬ್ರಿಟಿಷ್ ಗಾಡಿಗಳಲ್ಲಿ ಪ್ಲಸ್ ಕಡೆಯೇ ಫ್ರೇಮಿಗೆ ಅರ್ತ್ ಆಗಿರುತ್ತದೆ. ಹಾಗಿದ್ದರೆ ಈ ಕ್ರಮವೂ ತಲೆಕೆಳಗು.

ಕಿಡಿ ನೋಡುವುದು ಸುಲಭ. ಹೊಸ ಪ್ಲಗ್‌ಗೆ ಗ್ಯಾಪ್ 0.6ರಿಂದ 0.7 ಮಿ.ಮೀ. ಇಟ್ಟು, ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್‌ಗೆ ತಾಗಿಸಿ ಇಟ್ಟು ಕಿಕ್ ಮಾಡಿ. ಪ್ಲಗ್ ತೂತಿನಿಂದ ದೂರವಿರಲಿ, ಅಲ್ಲಿಂದ ಪೆಟ್ರೋಲ್ ಆವಿ ಬರಬಹುದು. ನೀಲಿ ಕಿಡಿ ಚಟ್ ಅಂದರೆ ಸರಿ. ಕೆಂಪಗೆ ಕ್ಷೀಣವಾಗಿದ್ದರೆ, ಅಥವಾ ಇಲ್ಲವೇ ಇಲ್ಲದಿದ್ದರೆ, ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್) ಇರುವ ಗಾಡಿಯಲ್ಲಿ ಪಾಯಿಂಟ್ ಮೇಲಿನ ಕಪ್ಪನ್ನು ನಯವಾದ ಎಮರಿ ಪೇಪರಿನಿಂದ ತೆಗೆದು, ಗ್ಯಾಪ್ 0.3ರಿಂದ 0.4 ಮಿ.ಮೀ. ಮಾಡಿ. ಸಿಡಿಐ, ಅಂದರೆ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಪೆಟ್ಟಿಗೆ ಇರುವ ಗಾಡಿಯಲ್ಲಿ ಕನೆಕ್ಟರ್‌ಗಳನ್ನು ಒಂದೊಂದಾಗಿ ಬಿಚ್ಚಿ, ಸ್ವಚ್ಛ ಮಾಡಿ ಹಾಕಿದರೆ ಎಷ್ಟೋ ಸಲ ಕರೆಂಟ್ ಮರಳುತ್ತದೆ.

ವೈರಿಂಗ್ ಕಾಟಗಳಲ್ಲಿ ಬಹುಪಾಲು ಅರ್ತ್‌ನದ್ದೇ. ಅರ್ತ್ ವೈರ್ ಫ್ರೇಮಿಗೆ ಸೇರುವ ಜಾಗದ ಬಣ್ಣ, ತುಕ್ಕು ಕೆರೆದು ಹೊಳೆಯುವ ಲೋಹಕ್ಕೆ ಬಿಗಿಯಿರಿ. ಹಸಿರುಗಟ್ಟಿದ ಕನೆಕ್ಟರ್ ಸ್ವಚ್ಛ ಮಾಡಿ. ವೈರ್ ತಿರುಚಿ ಟೇಪ್ ಸುತ್ತಿದ ಹಳೇ ರಿಪೇರಿ ಕಂಡಲ್ಲೆಲ್ಲ ಸರಿಯಾಗಿ ಬೆಸುಗೆಯೋ ಕ್ರಿಂಪೋ ಮಾಡಿ. ಫ್ಯೂಸ್ ಇಲ್ಲದಿದ್ದರೆ ಒಂದನ್ನು ಹಾಕಿ.

ಮೊದಲ ಸ್ಟಾರ್ಟ್

ಹಳೇ ಎಂಜಿನ್ ಆಯಿಲ್ ಇಳಿಸಿ. ಹಾಲು ಬೆರೆಸಿದ ಚಹಾದಂತಿದ್ದರೆ ನೀರು ಸೇರಿದೆ. ಹೊಳೆಯುವ ಲೋಹದ ಚೂರುಗಳು ಬಂದರೆ ಒಳಗೆ ಏನೋ ತೇಯುತ್ತಿದೆ, ಅಲ್ಲಿಗೇ ನಿಲ್ಲಿಸಿ ವಿಚಾರಿಸಿ. ಹೊಸ ಆಯಿಲ್ ಬೈಕಿನದ್ದೇ ಆಗಿರಲಿ, ಡಬ್ಬಿಯ ಮೇಲೆ ಜೆಎಎಸ್ಒ ಎಂಎ (JASO MA) ಅಂತಿರಬೇಕು. ಬಹಳಷ್ಟು ಬೈಕುಗಳ ಕ್ಲಚ್ ಇದೇ ಎಣ್ಣೆಯಲ್ಲಿ ಮುಳುಗಿರುತ್ತದೆ. ಕಾರಿನ ಕೆಲವು ಆಯಿಲ್‌ಗಳ ಜಾರಿಕೆ ಹೆಚ್ಚು, ಕ್ಲಚ್ ಜಾರಲು ಶುರುವಾಗುತ್ತದೆ.

ಎಂಜಿನ್ ತಣ್ಣಗಿರುವಾಗಲೇ ಟ್ಯಾಪೆಟ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು, ನೋಡಿಬಿಡಿ. ಪಿಸ್ಟನ್ ಕಂಪ್ರೆಶನ್ ಸುತ್ತಿನಲ್ಲಿ ತುತ್ತತುದಿಗೆ ಬಂದಾಗ ಎರಡೂ ರಾಕರ್‌ಗಳು ಸಡಿಲವಾಗಿರಬೇಕು. ಒಂದು ಬಿಗಿಯಾಗಿದ್ದರೆ ನೀವು ತಪ್ಪು ಸುತ್ತಿನಲ್ಲಿದ್ದೀರಿ, ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ. ಚಿಕ್ಕ ಗಾಡಿಗಳಲ್ಲಿ ಅಂತರ ಸಾಮಾನ್ಯವಾಗಿ 0.05ರಿಂದ 0.1 ಮಿ.ಮೀ. ಇರುತ್ತದೆ. ಟ್ಯಾಪೆಟ್ ಟಿಕ್ ಟಿಕ್ ಅನ್ನುವುದು ಕಿವಿಗೆ ಕಿರಿಕಿರಿ ಅಷ್ಟೇ. ತೀರಾ ಬಿಗಿಯಾದ ಟ್ಯಾಪೆಟ್ ಸದ್ದಿಲ್ಲದೆ ವಾಲ್ವ್ ಸುಡುತ್ತದೆ.

ಟೂಸ್ಟ್ರೋಕ್ ಗಾಡಿಗೆ ಈ ಟ್ಯಾಪೆಟ್ ಕೆಲಸ ಇಲ್ಲ. ಆದರೆ ಕ್ರ್ಯಾಂಕ್‌ನ (ಪಿಸ್ಟನ್ ತಿರುಗಿಸುವ ದಂಡ) ಎರಡೂ ಕಡೆಯ ಆಯಿಲ್ ಸೀಲ್‌ಗಳು ಒಣಗಿ ಬಿರುಸಾಗಿರುತ್ತವೆ. ಅಲ್ಲಿಂದ ಗಾಳಿ ಸೇರಿದರೆ ಎಂಜಿನ್ ಬಿಸಿಯಾಗಿ ಪಿಸ್ಟನ್ ಸೀಜ್ ಆಗುತ್ತದೆ. ಅವನ್ನು ಬದಲಿಸಿಯೇ ಓಡಿಸಿ. ಆಯಿಲ್ ಪಂಪ್ ಕೆಲಸ ಮಾಡುತ್ತಿದೆ ಅಂತ ಖಾತ್ರಿಯಾಗುವವರೆಗೆ ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕಿ.

ಕ್ಲಚ್, ಎಕ್ಸಲರೇಟರ್ ಕೇಬಲ್‌ಗಳ ಎಳೆ ಬಿಟ್ಟಿದ್ದರೆ ಹೊಸದು ಹಾಕಿ. ಎಕ್ಸಲರೇಟರ್ ತಿರುಗಿಸಿ ಬಿಟ್ಟರೆ ಟಪ್ ಅಂತ ತಾನೇ ಹಿಂದಕ್ಕೆ ಬರಬೇಕು. ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗಲೂ, ಬಲಕ್ಕೆ ತಿರುಗಿಸಿದಾಗಲೂ.

ಗಾಡಿಯನ್ನು ಬಯಲಿಗೆ ತನ್ನಿ. ಮುಚ್ಚಿದ ಜಾಗದಲ್ಲಿ ಹೊಗೆ ಪ್ರಾಣ ತೆಗೆಯುತ್ತದೆ, ಅದರೊಳಗಿನ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ. ಪ್ಲಗ್ ಬಿಚ್ಚಿ, ಇಗ್ನಿಷನ್ ಆಫ್ ಮಾಡಿ, ಹತ್ತಿಪ್ಪತ್ತು ಸಲ ಕಿಕ್ ಮಾಡಿದರೆ ಎಣ್ಣೆ ಮೇಲೆ ಏರುತ್ತದೆ. ಆಮೇಲೆ ಪ್ಲಗ್ಗನ್ನು ಕೈಯಿಂದಲೇ ಪೂರ್ತಿ ತಿರುಗಿಸಿ ಕೂರಿಸಿ, ಸ್ಪ್ಯಾನರ್‌ನಿಂದ ಅರ್ಧ ಸುತ್ತು ಮಾತ್ರ ಬಿಗಿಯಿರಿ. ನ್ಯೂಟ್ರಲ್, ಚೋಕ್, ಪೆಟ್ರೋಲ್ ಆನ್. ದೊಡ್ಡ ಸಿಂಗಲ್ ಸಿಲಿಂಡರ್ ಆದರೆ ಕಿಕ್ಕರ್ ಮೆಲ್ಲಗೆ ಒತ್ತಿ, ಗಟ್ಟಿಯಾದ ಜಾಗ ದಾಟಿಸಿ, ಮೇಲಕ್ಕೆ ಬಿಟ್ಟು, ಆಮೇಲೆ ಒಂದೇ ಸಲ ಪೂರ್ತಿ ಒದೆಯಿರಿ. ಅರೆಮನಸ್ಸಿನ ಒದೆತಕ್ಕೇ ಕಿಕ್ಕರ್ ತಿರುಗಿಸಿ ಹೊಡೆಯುವುದು. ಗಟ್ಟಿ ಶೂ ಹಾಕಿಕೊಂಡಿರಿ.

ಶುರುವಿನ ಒಂದೆರಡು ನಿಮಿಷ ಹೊಗೆ ಬಂದರೆ ಗಾಬರಿ ಬೇಡ, ಸಿಲಿಂಡರ್‌ಗೆ ಬಿಟ್ಟ ಎಣ್ಣೆ ಸುಡುತ್ತಿರುತ್ತದೆ. ಫೋರ್‌ಸ್ಟ್ರೋಕ್‌ನಲ್ಲಿ ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ರಿಂಗೋ ವಾಲ್ವ್ ಸೀಲೋ ಹೋಗಿದೆ. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ. 12 ವೋಲ್ಟ್ ಗಾಡಿಯಲ್ಲಿ ಎಂಜಿನ್ ಸ್ವಲ್ಪ ರೇಸ್ ಮಾಡಿ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದರೆ 13.5ರಿಂದ 14.5 ವೋಲ್ಟ್ ಬರಬೇಕು. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ, ಬ್ಯಾಟರಿಯನ್ನು ಕುದಿಸಿಬಿಡುತ್ತದೆ.

ಮೊದಲ ಸವಾರಿ

ಅದಕ್ಕೂ ಮುಂಚೆ ಚೈನ್. ನಡುವೆ 25ರಿಂದ 35 ಮಿ.ಮೀ. ಆಡಬೇಕು. ಸ್ಪ್ರಾಕೆಟ್ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಿಸಿ. ಚೈನ್ ಲಾಕಿನ ಮುಚ್ಚಿದ ಬದಿ ಚೈನ್ ಓಡುವ ದಿಕ್ಕಿಗಿರಬೇಕು. ಉಲ್ಟಾ ಹಾಕಿದರೆ ಓಡುವಾಗ ಏನಾದರೂ ತಗುಲಿ ಲಾಕ್ ಕಳಚಬಹುದು.

ಖಾಲಿ ಮೈದಾನ, ಹೆಲ್ಮೆಟ್, ಕೈಗವಸು. ಮೊದಲು ನಡೆಯುವ ವೇಗದಲ್ಲಿ ಹೋಗಿ ಎರಡೂ ಬ್ರೇಕ್ ಬೇರೆ ಬೇರೆಯಾಗಿ ಹಿಡಿದು ನೋಡಿ. ಹೊಸ ಶೂಗಳು ಡ್ರಮ್ಮಿಗೆ ಹೊಂದುವವರೆಗೆ ಹಿಡಿತ ಕಡಿಮೆಯೇ. ಹೊಸ ಟೈರ್ ಕೂಡ ಮೊದಮೊದಲು ಜಾರುತ್ತದೆ.

ಹೊಸ ಗಾಡಿಯಲ್ಲಿ ಕಲಿತವರಿಗೆ ಇಲ್ಲಿ ಕೆಲವು ಅಚ್ಚರಿಗಳು ಕಾದಿವೆ. 1975ಕ್ಕಿಂತ ಹಿಂದಿನ ಅನೇಕ ಬ್ರಿಟಿಷ್ ಬೈಕುಗಳಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಗಾಬರಿಯಲ್ಲಿ ಕಾಲು ಅಭ್ಯಾಸದ ಕಡೆಗೇ ಹೋಗುತ್ತದೆ. ಹಾಗಾಗಿ ಮೈದಾನದಲ್ಲೇ ಸಾಕಷ್ಟು ಸುತ್ತಿ. ಸೈಡ್ ಸ್ಟ್ಯಾಂಡ್ ಮರೆತರೆ ಎಂಜಿನ್ ಆಫ್ ಮಾಡುವ ಸ್ವಿಚ್ ಹಳೇ ಗಾಡಿಗಳಲ್ಲಿ ಇರುವುದಿಲ್ಲ. ಎಬಿಎಸ್ ಇಲ್ಲ, ಚಕ್ರ ಲಾಕ್ ಆಗದಂತೆ ನೋಡಿಕೊಳ್ಳಬೇಕಾದ್ದು ನಿಮ್ಮ ಬೆರಳು. ಟೂಸ್ಟ್ರೋಕ್ ಆದರೆ ಎಕ್ಸಲರೇಟರ್ ಬಿಟ್ಟಾಗ ಎಂಜಿನ್ ಹಿಡಿದು ನಿಲ್ಲಿಸುವುದು ಕಡಿಮೆ. 6 ವೋಲ್ಟ್ ಹೆಡ್‌ಲೈಟ್ ನಂಬಿ ರಾತ್ರಿ ಹೊರಡಬೇಡಿ.

ಮನೆಗೆ ಬಂದ ಮೇಲೆ ಎಂಜಿನ್ ತಣ್ಣಗಾಗಲು ಬಿಟ್ಟು, ಪ್ರತಿ ನಟ್ಟು ಬೋಲ್ಟಿಗೂ ಒಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಆಕ್ಸಲ್, ಎಂಜಿನ್ ಮೌಂಟ್, ಹ್ಯಾಂಡಲ್ ಕ್ಲಾಂಪ್ ಮೊದಲು. ನೂರಿನ್ನೂರು ಕಿಲೋಮೀಟರ್ ಆದ ಮೇಲೆ ಎಂಜಿನ್ ಆಯಿಲ್ ಮತ್ತೆ ಬದಲಿಸಿ, ಒಳಗಿನ ಹಳೇ ಗಸಿ ಕರಗಿ ಬಂದಿರುತ್ತದೆ. ಟ್ಯಾಪೆಟ್, ಚೈನ್, ಸ್ಪೋಕ್ ಮೂರನ್ನೂ ಆಗಲೇ ಇನ್ನೊಮ್ಮೆ ನೋಡಿ.

ಬಣ್ಣ

ಕೆಲವು ತಿಂಗಳು ಓಡಿಸಿದ ಮೇಲೇ ಬಣ್ಣದ ಯೋಚನೆ ಮಾಡಿ. ಅಷ್ಟರಲ್ಲಿ ಎಲ್ಲಿ ಸೋರುತ್ತದೆ, ಏನನ್ನು ಮತ್ತೆ ಬಿಚ್ಚಬೇಕು ಅನ್ನುವುದು ಗೊತ್ತಾಗಿರುತ್ತದೆ. ಹೊಸ ಬಣ್ಣದ ಮೇಲೆ ಸ್ಪ್ಯಾನರ್ ಜಾರುವುದೂ ತಪ್ಪುತ್ತದೆ. ಮೂಲ ಬಣ್ಣ ಸ್ವಲ್ಪ ಮಾಸಿದ್ದರೂ ತುಕ್ಕು ಹಿಡಿದಿಲ್ಲದಿದ್ದರೆ, ಪಾಲಿಶ್ ಮಾಡಿ ಹಾಗೇ ಉಳಿಸಿಕೊಳ್ಳಿ ಅನ್ನುವವನು ನಾನು. ಮಾಸಿದ ಮೂಲ ಬಣ್ಣಕ್ಕೆ ಬೆಲೆ ಕೊಡುವವರು ಬಹಳ ಜನ ಇದ್ದಾರೆ. ಹೊಡೆಸಲೇಬೇಕು ಅಂದರೆ, ಮೇಲಿನ ಬಣ್ಣಕ್ಕಿಂತ ಕೆಳಗಿನ ತಯಾರಿಗೆ ಜಾಸ್ತಿ ಸಮಯ ಕೊಡಿ. ತುಕ್ಕು ಪೂರ್ತಿ ತೆಗೆದು, ಪ್ರೈಮರ್ ಹೊಡೆದು, ಎಮರಿ ಪೇಪರ್ ಹಾಕಿ ನಯ ಮಾಡಿದ ಮೇಲೇ ಬಣ್ಣ. ಪೌಡರ್ ಕೋಟಿಂಗ್‌ಗೆ ಕೊಡುವಾಗ ಬೇರಿಂಗ್ ಕೂರುವ ಜಾಗ, ಥ್ರೆಡ್‌ಗಳು, ಅರ್ತ್ ವೈರ್ ಸೇರುವ ಜಾಗ ಇವನ್ನೆಲ್ಲ ಮುಚ್ಚಿಸಿ. ಫ್ರೇಮ್ ನಂಬರ್ ಕೊರೆದ ಜಾಗಕ್ಕೆ ದಪ್ಪನೆ ಪದರ ಬೀಳದಂತೆ ಮೊದಲೇ ಹೇಳಿಡಿ. ನಂಬರ್ ಓದಲು ಬರದಿದ್ದರೆ ತಪಾಸಣೆಯಲ್ಲೂ, ಮುಂದೆ ಮಾರುವಾಗಲೂ ತೊಂದರೆ.